ಹಳೇ ಕಾರಿಗೆ ನಂಬಿಕೆಯ ಮೆಕ್ಯಾನಿಕ್: ದಾವಣಗೆರೆ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಎ-17 ನಂಬರಿನ ಹಳೇ ಕಾರು ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಮಾತು ಕೊನೆಗೆ ಬಂದು ನಿಲ್ಲುವುದು "ನಿಮ್ಮ ಗಾಡಿ ಯಾರ ಹತ್ರ ಬಿಡ್ತೀರಿ?" ಎಂಬಲ್ಲಿಗೆ. ನೆಂಟರು, ಜೊತೆಗೆ ಕೆಲಸ ಮಾಡುವವರು, ಓಣಿಯವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಯಾವ ಗ್ಯಾರೇಜಿನ ಹೆಸರನ್ನೂ ಹಾಕಿಲ್ಲ. ಆರಿಸುವ ಬಗೆ ಗೊತ್ತಿದ್ದರೆ ಹರಿಹರ, ಜಗಳೂರು, ಚಿತ್ರದುರ್ಗ ಎಲ್ಲಿದ್ದರೂ ಉಪಯೋಗಕ್ಕೆ ಬರುತ್ತದೆ.

ಕಾರಿಗೆ ಹತ್ತು ವರ್ಷ ದಾಟಿದೆ. ಕಂಪನಿ ಸರ್ವೀಸ್ ಸೆಂಟರ್ ಬಿಟ್ಟು ಹೊರಗಿನ ಗ್ಯಾರೇಜಿಗೆ ಹೋಗಬಹುದಾ?

ಧಾರಾಳವಾಗಿ ಹೋಗಬಹುದು. ವಾರಂಟಿ ಮುಗಿದು ಎಷ್ಟೋ ವರ್ಷ ಆದಮೇಲೆ ಕಂಪನಿ ಸೆಂಟರಿಗೇ ಹೋಗಬೇಕೆಂಬ ಕಟ್ಟುಪಾಡು ಇಲ್ಲ. ಅಲ್ಲಿ ಕೆಲಸ ನಡೆಯುವುದು ಬಹುಮಟ್ಟಿಗೆ ಪಟ್ಟಿ ನೋಡಿಕೊಂಡು: ಇಷ್ಟು ಕಿಲೋಮೀಟರ್ ಓಡಿದೆ, ಇದನ್ನು ಬದಲಿಸಿ. ಹೊಸ ಗಾಡಿಗೆ ಅದು ಒಳ್ಳೆಯದೇ. ಹಳೇ ಗಾಡಿಗೆ ಬರುವ ತೊಂದರೆಗಳು ಪಟ್ಟಿಯಲ್ಲಿ ಇರುವುದಿಲ್ಲ. ಇನ್ನೊಂದು, ಕಂಪನಿ ಸೆಂಟರುಗಳಲ್ಲಿ ಒಂದು ಚಿಕ್ಕ ಭಾಗ ಹೋದರೂ ಇಡೀ ಅಸೆಂಬ್ಲಿ ಬದಲಿಸುವ ರೂಢಿ ಇದೆ. ಚಕ್ರ ಹಿಡಿದಿಡುವ ಲೋವರ್ ಆರ್ಮ್‌ನ ಬುಶ್ (ಒಳಗಿನ ರಬ್ಬರ್ ಉಂಗುರ) ಸವೆದರೆ ಆರ್ಮ್ ಪೂರ್ತಿ ಹೊಸದು, ಆಲ್ಟರ್ನೇಟರಿನ ಕಾರ್ಬನ್ ಬ್ರಶ್ ಸವೆದರೆ ಆಲ್ಟರ್ನೇಟರೇ ಹೊಸದು. ಹೊರಗಿನ ಒಳ್ಳೆಯ ಮೆಕ್ಯಾನಿಕ್ ಬುಶ್ ಮಾತ್ರ ಪ್ರೆಸ್ ಮಾಡಿಸಿ ಕೂರಿಸುತ್ತಾನೆ, ಬ್ರಶ್ ಮಾತ್ರ ಹಾಕಿಸುತ್ತಾನೆ. ಹಳೇ ಕಾರು ಇಟ್ಟುಕೊಳ್ಳುವುದು ಕೈಗೆಟುಕುವುದು ಇಂಥ ರಿಪೇರಿಯಿಂದಲೇ.

ಆದರೂ ಏರ್‌ಬ್ಯಾಗ್, ಎಬಿಎಸ್, ಕೀಲಿಯ ಇಮೊಬಿಲೈಸರ್ (ಬೇರೆ ಕೀಲಿಗೆ ಗಾಡಿ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ತೊಂದರೆಗೆ ಕಂಪನಿ ಸೆಂಟರೇ ವಾಸಿ. ನಿಮ್ಮ ಮಾಡೆಲ್ಲಿಗೆ ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಗಾಡಿ ವಾಪಸ್ ಕರೆಯುವುದು) ಬಂದಿದ್ದರೆ ಆ ಕೆಲಸವನ್ನೂ ಅವರಲ್ಲೇ ಪುಕ್ಕಟೆ ಮಾಡಿಸಿಕೊಳ್ಳಿ.

ಒಳ್ಳೆ ಮೆಕ್ಯಾನಿಕ್ ಅಂತ ಗುರುತು ಹಿಡಿಯೋದು ಹೇಗೆ?

ತೊಂದರೆ ಹೇಳಿದ ಕೂಡಲೇ ಆತ ಏನು ಮಾಡುತ್ತಾನೆ ನೋಡಿ. ಎದುರು ಪ್ರಶ್ನೆ ಕೇಳುತ್ತಾನಾ, ರೇಟು ಹೇಳುತ್ತಾನಾ? ನಾನು ಆರಿಸುವುದು ಇದೊಂದನ್ನು ನೋಡಿಯೇ.

ಒಂದು ಬೇಸಿಗೆಯಲ್ಲಿ ನಮ್ಮ ಕಾರು ಟ್ರಾಫಿಕ್ಕಿನಲ್ಲಿ ನಿಂತಾಗ ಹೀಟ್ ಆಗತೊಡಗಿತು. ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಒಂದು ಕ್ಷಣ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ ಸರ್, ಹೆಡ್ ಇಳಿಸಬೇಕು" ಅಂದರು. ಇಂಜಿನ್ನಿನ ಮೇಲ್ಭಾಗವಾದ ಹೆಡ್‌ಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲೇ ಹೆಡ್ ಗ್ಯಾಸ್ಕೆಟ್. ಹೆಡ್ ಇಳಿಸುವುದೆಂದರೆ ಗಾಡಿ ದಿನಗಟ್ಟಲೆ ಗ್ಯಾರೇಜಿನಲ್ಲಿ, ದುಡ್ಡು ಸಾವಿರಗಳ ಲೆಕ್ಕದಲ್ಲಿ. ಗಾಡಿ ಬಿಡದೆ ಇನ್ನೊಬ್ಬ ಮಿಸ್ತ್ರಿ ಹತ್ತಿರ ಹೋದೆ. ಅವರ ಮೊದಲ ಪ್ರಶ್ನೆ: "ಹೈವೇಲಿ ಓಡ್ವಾಗ್ಲೂ ಹೀಟ್ ಆಗುತ್ತಾ, ನಿಂತಾಗ ಅಷ್ಟೇನಾ?" ನಿಂತಾಗ ಮಾತ್ರ ಅಂದೆ. ಇಂಜಿನ್ ತಣ್ಣಗಾಗುವವರೆಗೆ ಕಾದರು. ಆಮೇಲೆ ರೇಡಿಯೇಟರ್ ಕ್ಯಾಪ್ ತೆಗೆದು ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಮಟ್ಟ ನೋಡಿದರು, ಸರಿಯಿತ್ತು. ಆಯಿಲ್ ಕ್ಯಾಪಿನ ಒಳಮೈಯನ್ನು ಬೆರಳಿನಿಂದ ಸವರಿ ತೋರಿಸಿದರು, ಬಿಳಿ ಕೆನೆಯಂಥದ್ದು ಏನೂ ಇರಲಿಲ್ಲ. ಗಾಡಿ ಸ್ಟಾರ್ಟ್ ಮಾಡಿಸಿ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದಾ ಅಂತ ನೋಡಿದರು, ಏಳಲಿಲ್ಲ. ಕ್ಯಾಪ್ ಮುಚ್ಚಿ ಟೆಂಪರೇಚರ್ ಮುಳ್ಳು ಮೇಲೇರಲು ಬಿಟ್ಟರು. ಫ್ಯಾನ್ ತಿರುಗಲೇ ಇಲ್ಲ. ಫ್ಯೂಸ್ ಬಾಕ್ಸ್ ತೆಗೆದು ಹಾರನ್ನಿನ ರಿಲೇ (ಕರೆಂಟ್ ಹರಿಸುವ ಸಣ್ಣ ಸ್ವಿಚ್) ಕಿತ್ತು ಫ್ಯಾನಿನ ರಿಲೇ ಇದ್ದ ಜಾಗದಲ್ಲಿ ಕೂರಿಸಿದರು. ನಮ್ಮ ಗಾಡಿಯಲ್ಲಿ ಎರಡೂ ಒಂದೇ ನಮೂನೆಯವು. ಫ್ಯಾನ್ ಬರ್ ಎಂದು ತಿರುಗಿತು. ಕೆಟ್ಟದ್ದು ಕೆಲವೇ ನೂರು ರೂಪಾಯಿಯ ರಿಲೇ.

ಆ ಮಿಸ್ತ್ರಿ ನೋಡಿದ ಪ್ರತಿಯೊಂದನ್ನೂ ನನಗೂ ತೋರಿಸಿದರು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಸಾಮಾನ್ಯವಾಗಿ ಏನಾದರೊಂದು ಗುರುತು ಸಿಗುತ್ತದೆ: ಕೂಲಂಟ್ ಸೋರಿಕೆ ಕಾಣದೆಯೇ ಕಡಿಮೆಯಾಗುವುದು, ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ, ಆಯಿಲಿನಲ್ಲಿ ಕೆನೆ, ರೇಡಿಯೇಟರಿನಲ್ಲಿ ಗುಳ್ಳೆ. ಇದರಲ್ಲಿ ಯಾವುದನ್ನು ನೋಡಿ ಹೇಳುತ್ತಿದ್ದೀರಿ ಅಂತ ಕೇಳಿ. ನೋಡದೆ ಹೇಳಿದವರ ಹತ್ತಿರ ಉತ್ತರ ಇರುವುದಿಲ್ಲ.

ಹೆಚ್ಚು ಗಾಡಿ ನಿಂತಿರೋ ಗ್ಯಾರೇಜು ಒಳ್ಳೇದು ಅಲ್ವಾ?

ಗಾಡಿಗಳು ಬಂದು ಹೋಗುತ್ತಿದ್ದರೆ ಒಳ್ಳೆಯದು. ಟೈರ್ ಇಳಿದು, ಧೂಳು ಹಿಡಿದು, ಇಂಜಿನ್ ಬಿಚ್ಚಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ನಿಂತ ಗಾಡಿಗಳು ಹೆಚ್ಚಿದ್ದರೆ ಆಸೆಗೆ ಬಿದ್ದು ಕೆಲಸ ಒಪ್ಪಿಕೊಳ್ಳುತ್ತಾರೆ ಎಂದರ್ಥ. ನಿಮ್ಮದೇ ಮಾಡೆಲ್ಲಿನ ಕಾರುಗಳು ಅಲ್ಲಿಗೆ ಬರುತ್ತವಾ ಅನ್ನುವುದನ್ನೂ ಗಮನಿಸಿ.

ಮೊದಲ ಸಲ ಹೋದಾಗ ಎಂಥ ಕೆಲಸ ಕೊಟ್ಟು ನೋಡಬೇಕು?

ಗಾಡಿ ಚೆನ್ನಾಗಿದ್ದಾಗ ಹೋಗಿ. ಕೆಟ್ಟು ನಿಂತ ದಿನ ಮೆಕ್ಯಾನಿಕ್ ಹುಡುಕಿದರೆ ಸಿಕ್ಕವರೇ ಗತಿ. ಆಯಿಲ್ ಬದಲಿಸುವುದು, ಬ್ರೇಕ್ ಶೂ ಕ್ಲೀನ್ ಮಾಡಿಸುವುದು, ಇಷ್ಟು ಸಾಕು. ಬ್ರೇಕ್ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿ. ವೀಲ್ ಬಿಚ್ಚುವ ಮುಂಚೆ ಹ್ಯಾಂಡ್ ಬ್ರೇಕ್ ಹಾಕಿ ಟೈರಿಗೆ ಕಲ್ಲೋ ಕಟ್ಟಿಗೆಯೋ ಕೊಟ್ಟನಾ, ಜಾಕಿನ ಜೊತೆಗೆ ಸ್ಟ್ಯಾಂಡ್ ಇಟ್ಟನಾ, ನಟ್ಟುಗಳನ್ನು ಎದುರು ಬದುರಾಗಿ ಬಿಗಿ ಮಾಡಿದನಾ? ಕೈಗುಣ ಅಂತ ನಮ್ಮವರು ಕರೆಯುವುದರಲ್ಲಿ ಬಹುಪಾಲು ಈ ಶಿಸ್ತೇ.

ಜೊತೆಗೆ ಒಂದು ಸಣ್ಣ ಪ್ರಶ್ನೆ ಕೇಳಿ: "ನನ್ನ ಗಾಡೀಲಿ ಟೈಮಿಂಗ್ ಬೆಲ್ಟಾ, ಚೈನಾ?" ಇಂಜಿನ್ನಿನ ವಾಲ್ವ್, ಪಿಸ್ಟನ್ನುಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸುವುದು ಇದೇ. ಹಳೇ ಮಾರುತಿ 800, ಸ್ಯಾಂಟ್ರೋಗಳಲ್ಲಿ ಬೆಲ್ಟ್, ಸ್ವಿಫ್ಟ್ ಡೀಸೆಲ್ಲಿನಲ್ಲಿ ಚೈನ್. ಬೆಲ್ಟ್ ಇದ್ದರೆ ಕಂಪನಿ ಪುಸ್ತಕದಲ್ಲಿ ಹೇಳಿದ ಅವಧಿಗೆ ಬದಲಿಸಲೇಬೇಕು. ಓಡುವಾಗ ತುಂಡಾದರೆ ಹಲವು ಇಂಜಿನ್ನುಗಳಲ್ಲಿ ವಾಲ್ವ್‌ಗಳು ಪಿಸ್ಟನ್ನಿಗೆ ಹೊಡೆದು ಬಗ್ಗುತ್ತವೆ. ನಿಮ್ಮ ಮಾಡೆಲ್ ಬಲ್ಲವನು ಇದಕ್ಕೆ ತಡವರಿಸುವುದಿಲ್ಲ. "ಬೆಲ್ಟ್ ಹಾಕುವಾಗ ಟೆನ್ಷನರ್, ವಾಟರ್ ಪಂಪ್ ಕೂಡ ನೋಡೋಣ, ಮತ್ತೆ ಬಿಚ್ಚೋ ಕೂಲಿ ಉಳಿಯುತ್ತೆ" ಅಂತ ಅವನೇ ಸೇರಿಸಿದರೆ ಅವನ ನಂಬರ್ ಬರೆದಿಟ್ಟುಕೊಳ್ಳಿ.

"ಬಿಚ್ಚಿದ ಮೇಲೇ ಗೊತ್ತಾಗೋದು" ಅಂತಾರೆ. ಇದು ಬಿಲ್ ಏರಿಸೋ ದಾರಿನಾ?

ಎಲ್ಲ ಸಲ ಅಲ್ಲ. ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಹೊರಗಿನಿಂದ ಕಾಣುವುದಿಲ್ಲ, ಕ್ಲಚ್ ಪ್ಲೇಟ್ ಎಷ್ಟು ಸವೆದಿದೆ ಎಂಬುದೂ ಗೇರ್‌ಬಾಕ್ಸ್ ಇಳಿಸದೆ ಸರಿಯಾಗಿ ತಿಳಿಯುವುದಿಲ್ಲ. ಆದರೆ ಬಿಚ್ಚುವ ಮುಂಚೆ ಮೂರು ಮಾತು ಆಗಿರಲಿ: ಬಿಚ್ಚುವುದಕ್ಕೆ ಕೂಲಿ ಎಷ್ಟು, ಬಿಚ್ಚಿದ ಮೇಲೆ ಫೋನ್ ಮಾಡಿ ನನ್ನನ್ನು ಕರೆಯುತ್ತೀರಾ, ಬೇಡ ಅಂದರೆ ಹಾಗೇ ಜೋಡಿಸಿ ಕೊಡುತ್ತೀರಾ. ಫೋನ್ ಮಾಡದೆ ಹೊಸ ಪಾರ್ಟ್ ಹಾಕಿ ಬಿಲ್ಲಿಗೆ ಸೇರಿಸಿದವರ ಹತ್ತಿರ ನಾನು ಎರಡನೇ ಸಲ ಹೋಗುವುದಿಲ್ಲ.

ಕ್ಲಚ್ ವಿಷಯದಲ್ಲಿ ಮಾತ್ರ ಕಂಜೂಸಿ ಬೇಡ. ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದೇ ಆದ್ದರಿಂದ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ, ಅಲ್ಲೇ ಕಾಣುವ ಕ್ರ್ಯಾಂಕಿನ ಆಯಿಲ್ ಸೀಲ್ ಒದ್ದೆಯಾಗಿದೆಯಾ ನೋಡಿಸಿ. ಇಲ್ಲಿ ಮೆಕ್ಯಾನಿಕ್ "ಸೆಟ್ಟೇ ಹಾಕ್ರಿ" ಅಂದರೆ ಸರಿಯಾಗಿಯೇ ಹೇಳಿದ್ದಾನೆ.

ಸ್ಪೇರ್ ನಾವೇ ತಂದು ಕೊಡೋದು ಒಳ್ಳೇದಾ?

ಎರಡೂ ನಡೆಯುತ್ತದೆ, ಆದರೆ ಜವಾಬ್ದಾರಿ ಯಾರದು ಅನ್ನುವುದು ಮೊದಲೇ ತೀರ್ಮಾನವಾಗಬೇಕು. ನೀವು ತಂದ ಪಾರ್ಟ್ ಬೇಗ ಹೋದರೆ ಮೆಕ್ಯಾನಿಕ್ "ನೀವೇ ತಂದಿದ್ದು" ಎನ್ನುತ್ತಾನೆ, ಅದು ತಪ್ಪೂ ಅಲ್ಲ. ಅವನೇ ತಂದರೆ ಅಂಗಡಿಯವರು ಅವನಿಗೆ ಒಂದಿಷ್ಟು ಕಮಿಷನ್ ಬಿಡುತ್ತಾರೆ. ಎಂಆರ್‌ಪಿ ದಾಟದಿದ್ದರೆ ನಾನು ಆ ಲೆಕ್ಕಕ್ಕೆ ಹೋಗುವುದಿಲ್ಲ. ಪಾರ್ಟ್ ಹುಡುಕಿ ತರುವುದೂ ಕೆಲಸವೇ, ಅದಕ್ಕೂ ಕೂಲಿ ಬೇಕು. ನಾನು ಕೇಳುವುದು ಖಾಲಿ ಬಾಕ್ಸ್ ಮತ್ತು ಅಂಗಡಿ ಬಿಲ್. ಪ್ಯಾಕ್ ಮಾಡಿ ಮಾರುವ ವಸ್ತುವಿನ ಮೇಲೆ ಎಲ್ಲ ತೆರಿಗೆ ಸೇರಿದ ಎಂಆರ್‌ಪಿ ಅಚ್ಚಾಗಿರಲೇಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಹಳೇ ದರ ಹಚ್ಚಿದ ಬಿಲ್ ಬಂದರೆ ಕೇಳಿ.

ಒರಿಜಿನಲ್, ಡೂಪ್ಲಿಕೇಟ್ ಎಂದು ಎರಡೇ ಬಗೆ ಇದೆ ಅಂದುಕೊಳ್ಳಬೇಡಿ. ಕಾರು ಕಂಪನಿಗಳಿಗೇ ಪಾರ್ಟ್ ಮಾಡಿಕೊಡುವ ಬಾಷ್, ವೇಲಿಯೋ, ಗೇಬ್ರಿಯಲ್, ಲ್ಯೂಕಾಸ್ ಟಿವಿಎಸ್‌ನಂಥವರು ತಮ್ಮ ಹೆಸರಿನಲ್ಲೂ ಮಾರುತ್ತಾರೆ. ಕಾರು ಕಂಪನಿಯ ಬಾಕ್ಸಿಗಿಂತ ಬೆಲೆ ಹಲವು ಸಲ ಕಡಿಮೆ ಇರುತ್ತದೆ, ಗುಣಮಟ್ಟ ನಂಬಬಹುದು. ವೈಪರ್, ಡೋರ್ ಹ್ಯಾಂಡಲ್, ಕನ್ನಡಿಗೆ ಲೋಕಲ್ ಮಾಲು ನಡೆಯುತ್ತದೆ. ಬ್ರೇಕ್, ಸ್ಟೀರಿಂಗ್, ಬಾಲ್ ಜಾಯಿಂಟ್, ಟೈಮಿಂಗ್ ಬೆಲ್ಟಿಗೆ ಲೋಕಲ್ ಮಾಲು ಹಾಕಲು ಹೇಳುವ ಗಿರಾಕಿಯನ್ನು ಒಳ್ಳೆಯ ಮೆಕ್ಯಾನಿಕ್ ತಾನೇ ತಡೆಯುತ್ತಾನೆ.

ಹಳೇ ಪಾರ್ಟ್ ವಾಪಸ್ ಕೇಳಿದರೆ ಬೇಜಾರು ಮಾಡ್ಕೊಳ್ಳಲ್ವಾ?

ಕೆಲಸ ಶುರುವಾಗುವ ಮುಂಚೆ ಕೇಳಿದರೆ ಯಾರೂ ಬೇಜಾರಾಗುವುದಿಲ್ಲ. ಬಿಲ್ ಕೊಡುವಾಗ ಕೇಳಿದರೆ ಅನುಮಾನಪಟ್ಟಂತೆ ಕಾಣುತ್ತದೆ. "ಹಳೇದು ಡಿಕ್ಕಿಯಲ್ಲಿ ಹಾಕಿಡ್ರಿ ಅಣ್ಣಾ" ಅಷ್ಟು ಸಾಕು. ಬಂದ ಪಾರ್ಟನ್ನು ನೋಡಿ ಕಲಿಯಿರಿ. ಸವೆದ ಕ್ಲಚ್ ಪ್ಲೇಟಿನಲ್ಲಿ ರಿವಿಟ್‌ಗಳ ತಲೆ ಮೇಲ್ಮೈಗೆ ಬಂದಿರುತ್ತದೆ. ರಿವಿಟ್ ಇನ್ನೂ ಆಳದಲ್ಲಿದ್ದು ಪ್ಲೇಟ್ ದಪ್ಪವಿದ್ದರೆ ಯಾಕೆ ಬದಲಿಸಿದಿರಿ ಅಂತ ಸಮಾಧಾನದಿಂದಲೇ ಕೇಳಿ. ಸ್ಪ್ರಿಂಗ್ ಮುರಿದಿತ್ತು, ಆಯಿಲ್ ಕುಡಿದಿತ್ತು ಅಂತ ತೋರಿಸಿದರೆ ಅದೂ ಸರಿಯಾದ ಕಾರಣವೇ. ಬ್ಯಾಟರಿ, ಸ್ಟಾರ್ಟರ್‌ನಂಥವಕ್ಕೆ ಎಕ್ಸ್‌ಚೇಂಜ್ ಬೆಲೆ ಹಿಡಿದಿದ್ದರೆ ಹಳೇದು ಅಂಗಡಿಗೆ ಹೋಗುತ್ತದೆ.

ಸ್ಕ್ಯಾನರ್ ಇಲ್ಲದ ಗ್ಯಾರೇಜಿಗೆ ಹೋಗಬಹುದಾ?

ಸ್ಕ್ಯಾನರ್ ಅಂದರೆ ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಉಪಕರಣ. ಸಸ್ಪೆನ್ಷನ್, ಬ್ರೇಕ್, ಕ್ಲಚ್ಚಿಗೆ ಅದು ಬೇಡ. ಚೆಕ್ ಇಂಜಿನ್ ದೀಪ ಹತ್ತಿದ್ದರೆ ಬೇಕು. ಆದರೆ ಸ್ಕ್ಯಾನರ್ ತೋರಿಸುವುದು ಕೋಡ್ ಮಾತ್ರ. ಆಕ್ಸಿಜನ್ ಸೆನ್ಸರ್ ಕೋಡ್ ಬಂದ ಮಾತ್ರಕ್ಕೆ ಸೆನ್ಸರ್ ಹೋಗಿದೆ ಅಂತಲ್ಲ. ವೈರ್ ಕಡಿದಿರಬಹುದು, ಇನ್‌ಟೇಕ್ ಪೈಪ್ ಬಿರುಕು ಬಿಟ್ಟಿರಬಹುದು. ನಮ್ಮಲ್ಲಿ ಇಲಿ ವೈರ್ ಕಡಿಯುವುದು ಅಪರೂಪವೇನಲ್ಲ. ಕೋಡ್ ನೋಡಿದ ಮೇಲೆ ಮಲ್ಟಿಮೀಟರ್ ಕೈಗೆತ್ತಿಕೊಳ್ಳುವವನು ಸಿಕ್ಕರೆ ಬಿಡಬೇಡಿ. ಕೋಡ್ ಅಳಿಸಿ "ಸರಿಹೋಯ್ತು" ಎಂದರೆ ದೀಪ ಮತ್ತೆ ಹತ್ತುವ ಸಾಧ್ಯತೆಯೇ ಹೆಚ್ಚು.

ಎಲ್ಲ ಕೆಲಸ ಒಬ್ಬರ ಹತ್ತಿರಾನೇ ಮಾಡಿಸಬೇಕಾ?

ಬೇಡ. ಎಸಿಗೆ ಎಸಿ ಮೆಕ್ಯಾನಿಕ್, ವೈರಿಂಗಿಗೆ ಆಟೋ ಎಲೆಕ್ಟ್ರಿಷಿಯನ್, ಡೀಸೆಲ್ ಪಂಪ್, ಇಂಜೆಕ್ಟರಿಗೆ ಅದಕ್ಕೆಂದೇ ಇರುವ ಲ್ಯಾಬ್. ಹೆಡ್ ಸಮ ಮಾಡುವುದು, ಸಿಲಿಂಡರ್ ಬೋರ್ ಹೊಡೆಯುವುದು ಲೇತ್ (ಲೋಹ ಕಡೆಯುವ ಯಂತ್ರ) ಇಟ್ಟವರ ಕೆಲಸ. ಲೇತ್ ವಿಷಯದಲ್ಲಿ ನಾವು ಅದೃಷ್ಟವಂತರು, ಪಕ್ಕದ ಹರಿಹರ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳಿಗೇ ಹೆಸರಾಗಿದ್ದ ಊರು. ನಿಮ್ಮ ಮೆಕ್ಯಾನಿಕ್ "ಇದು ನನ್ನ ಕೆಲಸ ಅಲ್ಲ, ಅವರ ಹತ್ರ ಹೋಗ್ರಿ" ಅಂತ ಹೇಳಬಲ್ಲವನಾಗಿದ್ದರೆ ಅವನ ಮೇಲೆ ನಂಬಿಕೆ ಹೆಚ್ಚಬೇಕು.

ನಮ್ಮ ಕಾರಿನ ಕಂಪನಿಯೇ ದೇಶ ಬಿಟ್ಟು ಹೋಗಿದೆ. ಈಗೇನು ಗತಿ?

ಶೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು, ಫಿಯೆಟ್ ಕಾರುಗಳೂ ಹೋದವು. ಇಂಥ ಗಾಡಿಗೆ ಮೆಕ್ಯಾನಿಕ್ ಆರಿಸುವಾಗ ಇಂಜಿನ್ ಯಾವುದು ಅಂತ ನೋಡಿ. ಫಿಯೆಟ್ ಪುಂಟೋದ 1.3 ಲೀಟರ್ ಡೀಸೆಲ್ ಇಂಜಿನ್ನೇ ಸ್ವಿಫ್ಟ್ ಡೀಸೆಲ್ಲಿನಲ್ಲೂ ಟಾಟಾ ವಿಸ್ತಾದಲ್ಲೂ ಇತ್ತು. ಸ್ವಿಫ್ಟ್ ಡೀಸೆಲ್ ಚೆನ್ನಾಗಿ ಬಲ್ಲವನಿಗೆ ಪುಂಟೋ ಇಂಜಿನ್ ಹೊಸದಲ್ಲ. ಬಾಡಿ ಪಾರ್ಟ್, ದೀಪಗಳೇ ಕಷ್ಟ. ಅವನ್ನು ಬೆಂಗಳೂರು, ಹುಬ್ಬಳ್ಳಿಯಿಂದ ತರಿಸಿಕೊಡುವ ಸಂಪರ್ಕ ಇರುವ ಮೆಕ್ಯಾನಿಕ್ಕೇ ಬೇಕು.

ರೇಡಿಯೇಟರಿಗೆ ಬೋರ್ ನೀರು ಹಾಕಿದ್ರೆ ಏನಾಗುತ್ತೆ? ಗ್ಯಾರೇಜಲ್ಲಿ ಹಾಕಿಬಿಡ್ತಾರೆ.

ಹಾಕಲು ಬಿಡಬೇಡಿ. ನಮ್ಮ ಕಡೆ ಬೋರ್ ನೀರು ಗಡಸು ಅನ್ನುವುದಕ್ಕೆ ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರವೇ ಸಾಕ್ಷಿ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟುತ್ತದೆ. ಕಂಪನಿ ಹೇಳಿದ ಕೂಲಂಟನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಬೇಕು, ರೆಡಿ ಮಿಕ್ಸ್ ಆದರೆ ನೇರವಾಗಿ ಹಾಕಬೇಕು. ಹೈವೇಯಲ್ಲಿ ಬೇರೆ ದಾರಿಯಿಲ್ಲದೆ ನೀರು ಹಾಕಿದ್ದರೆ ಊರಿಗೆ ಬಂದ ಕೂಡಲೇ ಫ್ಲಶ್ ಮಾಡಿಸಿ. "ಏನಾಗಲ್ಲ ಸರ್, ನಾವು ಎಲ್ಲಾ ಗಾಡಿಗೂ ಇದೇ ಹಾಕೋದು" ಅನ್ನುವ ಗ್ಯಾರೇಜಿನಲ್ಲಿ ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವ ರೂಢಿಯೂ ಇರಲಾರದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹಾಗಾದಾಗ ಅದು ಬೇಗ ಕುದಿಯುತ್ತದೆ, ಉದ್ದ ಇಳಿಜಾರಿನಲ್ಲಿ ಬ್ರೇಕ್ ಕೈಕೊಡುವುದಕ್ಕೆ ಅದೂ ಒಂದು ಕಾರಣ.

ಇ20 ಪೆಟ್ರೋಲಿನಿಂದ ಹಳೇ ಕಾರು ಹಾಳಾಗುತ್ತೆ, ಫ್ಯುಯಲ್ ಸಿಸ್ಟಮ್ ಪೂರ್ತಿ ಬದಲಿಸಿ ಅಂತಾರೆ. ನಿಜವಾ?

ಇ20 ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಪೂರ್ತಿ ಬದಲಿಸಿ ಅನ್ನುವುದು ಅತಿಯಾಯಿತು. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಹಳೇ ಗಾಡಿಯ ರಬ್ಬರ್ ಪೈಪ್, ಗ್ಯಾಸ್ಕೆಟ್‌ಗಳು ಬೇಗ ಗಟ್ಟಿಯಾಗಬಹುದು ಇಲ್ಲವೇ ಊದಬಹುದು. ಪ್ರತಿ ಸರ್ವೀಸಿನಲ್ಲೂ ಫ್ಯುಯಲ್ ಪೈಪ್ ಮುಟ್ಟಿ ನೋಡಿಸಿ, ಹಾಳಾದದ್ದನ್ನು ಬದಲಿಸಿ. ಪೆಟ್ರೋಲ್ ವಾಸನೆ ಬಂದರೆ ಮಾತ್ರ ಆ ದಿನವೇ ಗ್ಯಾರೇಜಿಗೆ ಒಯ್ಯಿರಿ.

ನಮ್ಮ ಅಕ್ಕ ಒಬ್ಬರೇ ಗ್ಯಾರೇಜಿಗೆ ಹೋದರೆ ಪಟ್ಟಿ ಉದ್ದ ಆಗುತ್ತೆ. ಏನು ಮಾಡೋದು?

ಹೀಗಾಗುವುದು ನಿಜ, ಇದು ನನಗೆ ಸಿಟ್ಟು ತರಿಸುವ ವಿಷಯ. ಹಾಗೆ ಮಾಡುವ ಗ್ಯಾರೇಜಿಗೆ ಮನೆಯ ಗಂಡಸರೂ ಹೋಗಬಾರದು. ಅಕ್ಕನಿಗೆ ಹೇಳಬೇಕಾದ್ದು ಇಷ್ಟೇ: ಪಾರ್ಟಿನ ಹೆಸರು ಹೇಳಬೇಡಿ, ಲಕ್ಷಣ ಹೇಳಿ. "ಕ್ಲಚ್ ಹೋಗಿದೆ ಅನ್ಸುತ್ತೆ" ಅಂದರೆ ಕ್ಲಚ್ ಬದಲಾಗುತ್ತದೆ. "ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಇಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ" ಅಂದರೆ ಆತ ಯೋಚಿಸಬೇಕಾಗುತ್ತದೆ. "ಹಂಪ್ ಇಳಿಯುವಾಗ ಎಡಗಡೆ ಮುಂದೆ ಟಕ್ ಅನ್ನುತ್ತೆ, ಬೆಳಿಗ್ಗೆ ತಣ್ಣಗಿದ್ದಾಗ ಜಾಸ್ತಿ." ಇದನ್ನು ಮೊಬೈಲಿನಲ್ಲಿ ಬರೆದುಕೊಂಡು ಹೋಗಿ, ಸದ್ದನ್ನು ರೆಕಾರ್ಡ್ ಮಾಡಿ, ಮೆಕ್ಯಾನಿಕ್ಕನ್ನು ಕೂರಿಸಿಕೊಂಡು ಅಕ್ಕನೇ ಓಡಿಸಿ ತೋರಿಸಲಿ.

ಹೈವೇಯಲ್ಲಿ ಕೆಟ್ಟು ನಿಂತರೆ?

ಎನ್‌ಎಚ್ 48ರಲ್ಲಿ ಚಿತ್ರದುರ್ಗ, ಹಿರಿಯೂರು ಕಡೆ ನಿಂತರೆ ಮೊದಲು ಗಾಡಿ ಪಕ್ಕಕ್ಕೆ ಸರಿಸಿ, ಹಜಾರ್ಡ್ ಲೈಟ್ ಹಾಕಿ, ತಡೆಗಂಬಿಯ ಆಚೆ ನಿಂತು ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ದಾರಿಯಲ್ಲಿ ಸಿಕ್ಕ ಮೆಕ್ಯಾನಿಕ್ ಹತ್ತಿರ ಗಾಡಿ ಊರು ಸೇರುವಷ್ಟು ಕೆಲಸ ಮಾತ್ರ ಮಾಡಿಸಿ. ಅವರು ದೊಡ್ಡ ಕೆಲಸ ಹೇಳಿದರೆ ನಿಮ್ಮ ಮೆಕ್ಯಾನಿಕ್‌ಗೆ ಫೋನ್ ಹಚ್ಚಿ ಇಬ್ಬರೂ ಮಾತಾಡಲಿ. ಮುಳ್ಳು ಕೆಂಪಿಗೆ ಹೋಗಿದ್ದರೆ ಒಂದು ಕಿಲೋಮೀಟರ್ ಕೂಡ ಓಡಿಸದೆ ಟೋಯಿಂಗ್ ಮಾಡಿಸಿ.

15 ವರ್ಷ ಆದ ಮೇಲೆ ಆರ್‌ಸಿ ನವೀಕರಣಕ್ಕೆ ಗ್ಯಾರೇಜಿನವರೇ "ಎಲ್ಲಾ ಮಾಡಿಸ್ಕೊಡ್ತೀವಿ" ಅಂತಾರಲ್ಲ?

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಆರ್‌ಟಿಒ ತಪಾಸಣೆ ಮುಗಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಹಸಿರು ತೆರಿಗೆಯೂ ಇದೆ. ಮೆಕ್ಯಾನಿಕ್ ಕೈಲಿ ದೀಪ, ಬ್ರೇಕ್, ಹಾರನ್, ಹೊಗೆ, ಟೈರ್ ಸರಿಮಾಡಿಸಿ, ಅರ್ಜಿ ಮತ್ತು ಶುಲ್ಕ ನೀವೇ ಆನ್‌ಲೈನಿನಲ್ಲಿ ಕಟ್ಟಿ. ಅವಧಿ ಮುಗಿಯುವವರೆಗೆ ಕಾಯಬೇಡಿ.

ದುಡ್ಡು ತಗೊಂಡು ಕೆಲಸ ಕೆಡಿಸಿದರೆ ಎಲ್ಲಿ ಕೇಳೋದು?

ಮೊದಲು ಅವರ ಹತ್ತಿರವೇ ಹೋಗಿ ಮತ್ತೆ ಸರಿಮಾಡಲು ಅವಕಾಶ ಕೊಡಿ. ಹಳೇ ಗಾಡಿಯಲ್ಲಿ ಒಂದು ಸರಿ ಮಾಡಿದಾಗ ಇನ್ನೊಂದು ಕೆಡುವುದು ಮೋಸವೇ ಆಗಿರಬೇಕಿಲ್ಲ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. ದೂರು ಎರಡು ವರ್ಷದೊಳಗೆ ಕೊಡಬೇಕು, ಪಾವತಿಸಿದ ಮೊತ್ತ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಆದರೆ ಬಿಲ್ ಇಲ್ಲದೆ ಅಲ್ಲಿ ನಿಲ್ಲುವುದು ಕಷ್ಟ. ಸಣ್ಣ ಗ್ಯಾರೇಜಿನಲ್ಲಿ ಕಂಪ್ಯೂಟರ್ ಬಿಲ್ ಸಿಗದಿದ್ದರೂ ಕೈಬರಹದಲ್ಲಿ ಗಾಡಿ ನಂಬರ್, ಕಿಲೋಮೀಟರ್, ಕೆಲಸ, ಮೊತ್ತ ಬರೆಸಿಕೊಂಡು ಸಹಿ ಹಾಕಿಸಿ, ದುಡ್ಡು ಯುಪಿಐನಲ್ಲಿ ಕೊಡಿ.

ಇಷ್ಟು ವರ್ಷ ನೋಡಿಕೊಂಡ ಮೆಕ್ಯಾನಿಕ್ ಗ್ಯಾರೇಜ್ ಮುಚ್ಚಿದರು. ಹೊಸಬರಿಗೆ ಗಾಡಿ ಹೇಗೆ ಒಪ್ಪಿಸೋದು?

"ಇನ್ಮೇಲೆ ಯಾರ ಹತ್ರ ಹೋಗ್ಲಿ?" ಅಂತ ಅವರನ್ನೇ ಕೇಳಿ. ಹಲವು ಸಲ ಅವರ ಕೈಕೆಳಗೆ ಕಲಿತ ಹುಡುಗ ಹದಡಿ ರಸ್ತೆಯಲ್ಲೋ ಪಿ.ಬಿ. ರಸ್ತೆಯಲ್ಲೋ ಸ್ವಂತ ಗ್ಯಾರೇಜ್ ಹಾಕಿರುತ್ತಾನೆ, ನಿಮ್ಮ ಗಾಡಿ ಅವನಿಗೆ ಆಗಲೇ ಗೊತ್ತಿರುತ್ತದೆ. ಹೊಸಬರ ಹತ್ತಿರ ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಯಾವ ಗ್ರೇಡ್ ಆಯಿಲ್ ಹಾಕುತ್ತಿದ್ದಿರಿ, ಕೂಲಂಟ್ ಬಣ್ಣ, ಟೈಮಿಂಗ್ ಬೆಲ್ಟ್, ಕ್ಲಚ್, ಬ್ಯಾಟರಿ ಯಾವ ಕಿಲೋಮೀಟರಿಗೆ ಬದಲಾದವು, ಎರಡು ಸರ್ವೀಸುಗಳ ನಡುವೆ ಎಷ್ಟು ಆಯಿಲ್ ಕಡಿಮೆಯಾಗುತ್ತದೆ, ಯಾವ ತೊಂದರೆ ಇದ್ದರೂ ಸದ್ಯಕ್ಕೆ ಬೇಡ ಅಂತ ಬಿಟ್ಟಿದ್ದೀರಿ. ಆ ಹಾಳೆಯನ್ನು ಪೂರ್ತಿ ಓದಿ, ಆಮೇಲೆ ಬಾನೆಟ್ ಎತ್ತುವವರ ಹತ್ತಿರ ಗಾಡಿ ಬಿಟ್ಟು ಬನ್ನಿ.